ಹೂವಿದೆ, ಜೇನಿಲ್ಲ: ಮಕ್ಕಳು ಬೆಳೆಸಿದ ಕಾಡುಹೂವಿನ ಪಾತಿಯ ದೋಷ ಪತ್ತೆ

ಜೂನ್ 5ರ ಪರಿಸರ ದಿನದಂದು ಮಕ್ಕಳ ಕೈಯಿಂದ ಬೀಜ ಹಾಕಿಸಿದ ಶಾಲೆಗಳಲ್ಲಿ ಜುಲೈ ಮುಗಿಯುವ ಹೊತ್ತಿಗೆ ದೂರುಗಳು ಶುರುವಾಗುತ್ತವೆ. ಬೀಜ ಮೊಳೆಯಲಿಲ್ಲ, ಮೊಳೆತದ್ದು ಮಲಗಿತು, ಗಿಡ ಎದೆಯೆತ್ತರ ಬೆಳೆದರೂ ಹೂವಿಲ್ಲ, ಹೂವಿದ್ದರೂ ಜೇನು ಬರುತ್ತಿಲ್ಲ. ಮನೆಯ ಹಿತ್ತಿಲಲ್ಲಿ, ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಮಕ್ಕಳೊಂದಿಗೆ ಈ ಕೆಲಸಕ್ಕೆ ಇಳಿದವರದೂ ಇದೇ ಪಾಡು. ಕೆಳಗಿನದೆಲ್ಲ ಆ ದೂರುಗಳ ಸುತ್ತಲೇ ಇದೆ. ಪ್ರತಿ ಲಕ್ಷಣಕ್ಕೂ ಕಾಸು ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು ಮಾಡಿ. ಅಗೆಯುವುದು, ಕೊಳ್ಳುವುದು, ತಿಳಿದವರನ್ನು ಕರೆಸುವುದು ಆಮೇಲೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಪಾತಿಗಳು ಕೆಡುವುದು ಬಹುಪಾಲು ಅತಿ ಆರೈಕೆಯಿಂದ. ನೀರು ಹೆಚ್ಚು, ಗೊಬ್ಬರ ಹೆಚ್ಚು, ಎಲ್ಲಕ್ಕಿಂತ ಮಿಗಿಲಾಗಿ ಚೊಕ್ಕಟತನ ಹೆಚ್ಚು. ತುಂಬೆ, ಹುಚ್ಚೆಳ್ಳು, ಕಾಮಕಸ್ತೂರಿ, ಎಳ್ಳು, ಸೆಣಬು, ಶಂಖಪುಷ್ಪ ಇವೆಲ್ಲ ನಮ್ಮ ಬಿಸಿಲಿಗೂ ಬಡ ಮಣ್ಣಿಗೂ ಒಗ್ಗಿದ ಗಿಡಗಳು. ಅವನ್ನು ಬೆಳೆಸುವುದಕ್ಕಿಂತ ಅವು ಬೆಳೆಯುವಾಗ ಸುಮ್ಮನಿರುವುದೇ ದೊಡ್ಡವರಿಗೆ ಕಷ್ಟ.

ಬೀಜ ಮುಟ್ಟುವ ಮುನ್ನ

ಅಂಗಡಿಯಿಂದ ತಂದ ಬೀಜ ಗುಲಾಬಿ, ನೀಲಿ ಅಥವಾ ಗಾಢ ಹಸಿರು ಬಣ್ಣದಲ್ಲಿದ್ದರೆ ಮಕ್ಕಳ ಕೈಗೆ ಕೊಡಬೇಡಿ. ಅದು ಬೀಜದ ಸಹಜ ಬಣ್ಣವಲ್ಲ. ಶಿಲೀಂಧ್ರನಾಶಕ ಅಥವಾ ಕೀಟನಾಶಕ ಲೇಪಿಸಿದ ಬೀಜ ಎಂದು ಗುರುತಿಸಲಿಕ್ಕೆ ಹಾಕಿದ ಬಣ್ಣ. ಲೇಪಿಸುವ ಕೀಟನಾಶಕಗಳಲ್ಲಿ ಕೆಲವು ಗಿಡದೊಳಗೆ ಸೇರಿ ಹೂವಿನ ಮಕರಂದ, ಪರಾಗದವರೆಗೂ ತಲುಪುತ್ತವೆ. ಇಮಿಡಾಕ್ಲೋಪ್ರಿಡ್ ಅಂಥದ್ದು. ಐರೋಪ್ಯ ಒಕ್ಕೂಟ 2018ರಲ್ಲಿ ಇದನ್ನೂ ಇದೇ ಬಳಗದ ಇನ್ನೆರಡು ವಿಷಗಳನ್ನೂ ಬಯಲಿನಲ್ಲಿ ಬಳಸದಂತೆ ನಿಷೇಧಿಸಿದ್ದು ಜೇನುಗಳಿಗೆ ಆಗುವ ಹಾನಿಯನ್ನು ಕಂಡೇ. ಜೇನಿಗಾಗಿ ಬೆಳೆಸುವ ಹೂವಿಗೆ ಇಂಥ ಬೀಜ ಬೇಡವೇ ಬೇಡ. ಹಳ್ಳಿಯ ಸಂತೆಯಲ್ಲಿ, ದಿನಸಿ ಅಂಗಡಿಯಲ್ಲಿ ಸಿಗುವ ಹುಚ್ಚೆಳ್ಳು, ಎಳ್ಳು, ಸಾಸಿವೆ, ಕೊತ್ತಂಬರಿ ಸಾಕು.

ಪಾತಿಯಲ್ಲಿ ಇರಬಾರದ ಗಿಡಗಳೂ ಇವೆ. ಉಮ್ಮತ್ತ, ಗುಲಗಂಜಿ, ಕಣಗಿಲೆ, ಅಗ್ನಿಶಿಖೆ ವಿಷಕಾರಿ. ಚಿಕ್ಕ ಮಕ್ಕಳಿರುವ ಕಡೆ ಎಷ್ಟೇ ಚೆಂದವಿದ್ದರೂ ಬೇಡ. ಸೆಣಬಿನ ಬೀಜವನ್ನೂ ಬಾಯಿಗೆ ಹಾಕಬಾರದೆಂದು ಹೇಳಿಡಿ. ಎಕ್ಕಕ್ಕೆ ಚಿಟ್ಟೆ, ದುಂಬಿಗಳು ಬಹಳ ಬರುತ್ತವೆ ನಿಜ, ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ದೊಡ್ಡ ತೊಂದರೆ. ಅದು ಬೇಲಿಯಾಚೆ ಇರಲಿ. ಕಾಂಗ್ರೆಸ್ ಗಿಡ ಅಂದರೆ ಪಾರ್ಥೇನಿಯಂ ಇದ್ದರೆ ಹೂ ಬಿಡುವ ಮುನ್ನವೇ ದೊಡ್ಡವರು ಕೈಗವಸು ಹಾಕಿಕೊಂಡು ಕೀಳಬೇಕು. ಅದರಿಂದ ತುರಿಕೆ, ಉಬ್ಬಸ ಬರುವ ಮಕ್ಕಳಿದ್ದಾರೆ.

"ಹದಿನೈದು ದಿನವಾದರೂ ಒಂದೂ ಮೊಳೆಯಲಿಲ್ಲ"

ಮೊದಲು ಬೀಜ ಅಲ್ಲಿದೆಯೇ ನೋಡಿ. ಪಾತಿಯ ಒಂದು ಮೂಲೆಯಲ್ಲಿ ಹಿಡಿ ಮಣ್ಣು ತೆಗೆದು ಹಾಳೆಯ ಮೇಲೆ ಹರಡಿ ಮಕ್ಕಳಿಂದ ಹುಡುಕಿಸಿ. ಬೀಜವೇ ಸಿಗದಿದ್ದರೆ ಇರುವೆ ಹೊತ್ತೊಯ್ದಿರುತ್ತದೆ, ಕೋಳಿ ಕೆದಕಿರುತ್ತದೆ, ಇಲ್ಲವೇ ಮಳೆ ಕೊಚ್ಚಿರುತ್ತದೆ. ಎಳ್ಳು, ಹುಚ್ಚೆಳ್ಳೆಂದರೆ ಇರುವೆಗೆ ಹಬ್ಬ. ಮರಳು, ಸ್ವಲ್ಪ ಬೂದಿ ಬೆರೆಸಿ ಮತ್ತೊಮ್ಮೆ ಎರಚಿ, ಮೇಲೆ ಮುಳ್ಳುಕಡ್ಡಿ ಹಾಸಿ. ಮಲೆನಾಡು, ಕರಾವಳಿಯಲ್ಲಿ ಜೂನ್, ಜುಲೈಯ ಜಡಿಮಳೆಗೆ ಸಣ್ಣ ಬೀಜ ನಿಲ್ಲುವುದಿಲ್ಲ. ಅಲ್ಲಿ ಆಗಸ್ಟ್ ಕೊನೆಯವರೆಗೆ ಕಾಯುವುದು ಒಳ್ಳೆಯದು. ಬಯಲುಸೀಮೆಯಲ್ಲಿ ಮುಂಗಾರು ಹದವಾದಾಗಲೇ ಹಾಕಬಹುದು.

ಬೀಜ ಇದೆ, ಆದರೆ ಕಲ್ಲಿನಂತೆ ಹಾಗೆಯೇ ಇದೆ ಎಂದಾದರೆ ಹತ್ತು ಬೀಜಗಳ ಪರೀಕ್ಷೆ ಮಾಡಿ. ಒದ್ದೆ ಬಟ್ಟೆಯ ಮೇಲೆ ಹತ್ತು ಬೀಜ ಇಟ್ಟು ಸುತ್ತಿ ನೆರಳಲ್ಲಿಡಿ, ಬಟ್ಟೆ ಒಣಗದಂತೆ ನೋಡಿಕೊಳ್ಳಿ. ವಾರದ ಬಳಿಕ ಬಿಚ್ಚಿ ಎಣಿಸಿ. ಐದಕ್ಕಿಂತ ಕಡಿಮೆ ಮೊಳೆತಿದ್ದರೆ ಬೀಜ ಹಳೆಯದು, ಬದಲಾಯಿಸಿ. ಏಳೆಂಟು ಮೊಳೆತಿದ್ದರೆ ಬೀಜ ಸರಿಯಿದೆ, ತಪ್ಪು ಮಣ್ಣಿನಲ್ಲಿ.

ಆ ತಪ್ಪು ಸಾಮಾನ್ಯವಾಗಿ ಆಳದ್ದು. ಮಕ್ಕಳಿಗೆ ಬೆರಳಿನಿಂದ ಗುಳಿ ಮಾಡಿ ಬೀಜ ಹೂಳುವುದು ಇಷ್ಟ. ಅವರೆ, ಹುರುಳಿಗೆ ಅದು ಸರಿ. ತುಳಸಿ, ಕಾಮಕಸ್ತೂರಿ, ತುಂಬೆಯ ಬೀಜ ಬಹಳ ಸಣ್ಣವು. ಬೆರಳಾಳದಿಂದ ಮೇಲೆ ಬರುವ ಶಕ್ತಿ ಅವಕ್ಕಿಲ್ಲ. ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಮುಗಿಯಿತು. ಕಾಮಕಸ್ತೂರಿ ಬೀಜ ಒದ್ದೆಯಾದ ಕೆಲವೇ ನಿಮಿಷಗಳಲ್ಲಿ ಸುತ್ತ ಲೋಳೆ ಕಟ್ಟಿಕೊಂಡು ಬೂದುಬಿಳಿಯ ಮುತ್ತಾಗುತ್ತದೆ. ಅದು ಕೊಳೆತದ್ದಲ್ಲ, ನೀರನ್ನು ಹಿಡಿದಿಟ್ಟುಕೊಳ್ಳುವ ಅದರ ರೀತಿ. ಭೂತಗನ್ನಡಿ ಇದ್ದರೆ ಮಕ್ಕಳಿಗೆ ಇದನ್ನು ತೋರಿಸದೆ ಬಿಡಬೇಡಿ.

ಶಂಖಪುಷ್ಪದ ಕಥೆ ಬೇರೆ. ಅದರ ಸಿಪ್ಪೆ ಗಟ್ಟಿ, ನೀರು ಒಳಗಿಳಿಯುವುದೇ ಇಲ್ಲ. ಉಪ್ಪುಕಾಗದದ ಮೇಲೆ ಒಂದು ಬದಿಯನ್ನು ನಾಲ್ಕು ಸಲ ತಿಕ್ಕಿ, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಉಬ್ಬಿದವನ್ನು ಬಿತ್ತಿ, ಉಬ್ಬದವನ್ನು ಮತ್ತೆ ತಿಕ್ಕಿ.

ಬೀಜದುಂಡೆ ಎಸೆದು ಏನೂ ಬರದಿದ್ದರೆ ಒಂದು ಉಂಡೆಯನ್ನು ಒಡೆದು ನೋಡಿ. ಬರೀ ಜೇಡಿಮಣ್ಣಿನ ಉಂಡೆ ಬಿಸಿಲಿಗೆ ಇಟ್ಟಿಗೆಯಾಗುತ್ತದೆ. ಇನ್ನೊಂದನ್ನು ತಟ್ಟೆಯಲ್ಲಿಟ್ಟು ಎರಡು ದಿನ ನೀರು ಚಿಮುಕಿಸಿ. ಕರಗದಿದ್ದರೆ ಮುಂದಿನ ಬಾರಿ ಅರ್ಧದಷ್ಟು ಕಾಂಪೋಸ್ಟ್ ಬೆರೆಸಿ.

ಬಣ್ಣದ ಚಿತ್ರವಿರುವ ಪೊಟ್ಟಣದ 'ಕಾಡುಹೂ ಮಿಶ್ರಣ'ಗಳ ಬಗ್ಗೆಯೂ ಒಂದು ಮಾತು. ಅವುಗಳಲ್ಲಿ ಬಹಳಷ್ಟು ತಂಪು ದೇಶಗಳ ಹುಲ್ಲುಗಾವಲಿನ ಹೂಗಳು. ರಾಯಚೂರಿನ ಬಿಸಿಲಿನಲ್ಲಿ ಅವು ಏಳದಿದ್ದರೆ ಮಕ್ಕಳ ತಪ್ಪೇನೂ ಇಲ್ಲ.

"ಮೊಳೆತದ್ದು ವಾರದಲ್ಲಿ ಮಲಗಿತು"

ಬಿದ್ದ ಸಸಿಯನ್ನು ಎತ್ತಿ ಕಾಂಡವು ಮಣ್ಣನ್ನು ಸೇರುವ ಜಾಗ ನೋಡಿ. ಅಲ್ಲಿ ಕಾಂಡ ದಾರದಷ್ಟು ಸಣ್ಣದಾಗಿ ಕಂದಾಗಿದ್ದರೆ ಅದು ಸಸಿ ಕೊಳೆಯುವ ರೋಗ, ಕಾರಣ ನೀರು. ಮೂವತ್ತು ಮಕ್ಕಳು ಒಬ್ಬೊಬ್ಬರೂ ಒಂದೊಂದು ಚೊಂಬು ಹೊಯ್ದರೆ ಪಾತಿ ಗದ್ದೆಯಾಗುತ್ತದೆ. ಬೆರಳನ್ನು ಒಂದು ಗೆಣ್ಣು ಆಳಕ್ಕೆ ಇಳಿಸಿ, ತೇವ ಇದ್ದರೆ ಅಂದು ನೀರಿಲ್ಲ ಎಂಬ ನಿಯಮ ಮಾಡಿ. ದಿನಕ್ಕಿಬ್ಬರಂತೆ ಸರದಿ ಹಾಕಿ. ನೀರು ಹಾಕುವುದರಷ್ಟೇ ಮರ್ಯಾದೆ 'ಇಂದು ಬೇಡ' ಎಂದು ತೀರ್ಮಾನಿಸುವುದಕ್ಕೂ ಇರಲಿ. ನೀರು ಕಡಿಮೆ ಮಾಡಿದ ಮೇಲೂ ಸಸಿಗಳು ಹೀಗೆಯೇ ಬಿದ್ದರೆ ಪಾತಿಯ ಪಕ್ಕ ಮೊಳದಾಳದ ಗುಂಡಿ ತೋಡಿ ನೀರು ತುಂಬಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಬಿಟ್ಟುಬಿಡಿ ಅಥವಾ ಪಾತಿಯನ್ನು ಏರಿಸಿ ಕಟ್ಟಿ. ಪರೀಕ್ಷೆ ಮುಗಿದ ಕೂಡಲೇ ಗುಂಡಿ ಮುಚ್ಚಿ.

ಕಾಂಡ ಕತ್ತರಿಸಿದಂತೆ ತುಂಡಾಗಿದ್ದು ಎಲೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಗೆರೆ ಇದ್ದರೆ ಬಸವನಹುಳುವಿನ ಕೆಲಸ. ಬೆಂಗಳೂರು, ಕೊಡಗಿನ ಕಡೆ ಆಫ್ರಿಕಾದ ದೊಡ್ಡ ಬಸವನಹುಳು ಒಂದೇ ರಾತ್ರಿಯಲ್ಲಿ ಪಾತಿ ಬರಿದು ಮಾಡುತ್ತದೆ. ಅದನ್ನು ಬರಿಗೈಯಲ್ಲಿ ಹಿಡಿಯಲು ಮಕ್ಕಳನ್ನು ಬಿಡಬೇಡಿ. ಅದರ ಲೋಳೆಯಲ್ಲಿ ಮನುಷ್ಯರ ಮಿದುಳಿಗೆ ಸೋಂಕು ತರುವ ಪರೋಪಜೀವಿ ಹುಳು ಇರಬಹುದು. ದೊಡ್ಡವರು ಕೈಗವಸು ಹಾಕಿ ಸಂಜೆ ಆಯಲಿ. ಮಕ್ಕಳು ಪಾತಿಯಿಂದ ಬಂದ ಮೇಲೆ ಸೋಪಿನಿಂದ ಕೈ ತೊಳೆಯಲಿ.

"ಗಿಡ ಸೊಂಪಾಗಿದೆ, ಹೂವಿಲ್ಲ"

ಎಲೆ ಕಡುಹಸಿರು, ಅಗಲ, ಗಿಡ ಮೆತ್ತಗೆ ಬಾಗುತ್ತಿದ್ದರೆ ಗೊಬ್ಬರ ಹೆಚ್ಚಾಗಿದೆ. ಮುಂದೆ ಏನೂ ಹಾಕಬೇಡಿ, ತಾನೇ ಸರಿಹೋಗುತ್ತದೆ. ಗಿಡ ಉದ್ದುದ್ದ ಬೆಳೆದು ಒಂದೇ ಕಡೆ ವಾಲಿದ್ದರೆ ಬಿಸಿಲು ಸಾಲದು. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಗಂಟೆಗೊಮ್ಮೆ ನೆರಳಿನ ಅಂಚಿಗೆ ಕಲ್ಲಿಟ್ಟು ಮಕ್ಕಳೇ ಲೆಕ್ಕ ಹಾಕಬಹುದು.

ಎರಡೂ ಅಲ್ಲದಿದ್ದರೆ ಬಿತ್ತಿದ ತಿಂಗಳು ನೆನಪಿಸಿಕೊಳ್ಳಿ. ಹುಚ್ಚೆಳ್ಳಿಗೆ ಹಗಲು ಚಿಕ್ಕದಾಗಬೇಕು, ಆಗಲೇ ಅದು ಹೂವಿಗೆ ಮನಸ್ಸು ಮಾಡುವುದು. ಮಳೆಗಾಲದಲ್ಲಿ ಬಿತ್ತಿದ್ದು ಎರಡು ತಿಂಗಳ ಸುಮಾರಿಗೆ ಹಳದಿ ಹೊದ್ದುಕೊಳ್ಳುತ್ತದೆ. ಬೇಸಿಗೆಯ ಮೊದಲಲ್ಲಿ ಬಿತ್ತಿದ್ದು ಬರೀ ಎಲೆ ಬೆಳೆಸುತ್ತಾ ನಿಲ್ಲುತ್ತದೆ. ಸೇವಂತಿಗೆಯದೂ ಇದೇ ಸ್ವಭಾವ. ರಾತ್ರಿಯಿಡೀ ಬೀದಿದೀಪ ಬೀಳುವ ಮೂಲೆಯಲ್ಲಿ ಇವು ತಡ ಮಾಡುತ್ತವೆ.

"ಹೂವಿದೆ, ಜೇನಿಲ್ಲ"

ಮಕ್ಕಳ ಮುಖ ಬಾಡುವುದು ಈ ದೂರಿನಲ್ಲೇ. ಆದ್ದರಿಂದ ಇಲ್ಲಿ ಆತುರ ಬೇಡ.

ನೋಡಿದ ಹೊತ್ತು ಯಾವುದು? ಮಧ್ಯಾಹ್ನ ಊಟದ ಬಿಡುವಿನಲ್ಲಿ ಉರಿಬಿಸಿಲಲ್ಲಿ ನೋಡಿದರೆ ಹೆಚ್ಚೇನೂ ಕಾಣದು. ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ, ಮಳೆ ನಿಂತ ದಿನ, ಒಂದು ಚದರ ಮೀಟರ್ ಜಾಗವನ್ನು ಹಗ್ಗದಿಂದ ಗುರುತಿಸಿ ಹತ್ತು ನಿಮಿಷ ಕುಳಿತು ನೋಡಿಸಿ. ಪಾತಿಯಿಂದ ಎರಡು ಹೆಜ್ಜೆ ದೂರ, ಹೂವಿನ ಮೇಲೆ ನೆರಳು ಬೀಳದ ಕಡೆ ಕೂರಬೇಕು. ಎಳ್ಳಿನ ಹೂ ನಸುಕಿನಲ್ಲೇ ಅರಳಿ ಸಂಜೆಗೆ ಉದುರುತ್ತದೆ. ಹೀರೆ, ಸೋರೆ ಅರಳುವುದೇ ಸಂಜೆಯ ಮೇಲೆ. ಸೋರೆಯ ಬಿಳಿ ಹೂವಿಗೆ ಬರುವವು ಇರುಳಿನ ಪತಂಗಗಳು. ಅವುಗಳ ಮುಂದೆ ಬೆಳಿಗ್ಗೆ ಹತ್ತಕ್ಕೆ ಜೇನಿಗಾಗಿ ಕಾದರೆ ಪ್ರಯೋಜನವಿಲ್ಲ.

ನೋಡಿದ್ದು ಯಾರನ್ನು? 'ಜೇನು' ಎಂದರೆ ಮಕ್ಕಳ ಮನಸ್ಸಿನಲ್ಲಿ ಹಳದಿ ಕಪ್ಪು ಪಟ್ಟೆಯ ಒಂದೇ ಚಿತ್ರ. ಪಾತಿಗೆ ಬರುವವರು ಹಲವರು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ, ಪೊದೆಯ ಕಡ್ಡಿಗೆ ಸಣ್ಣ ತಟ್ಟಿ ಕಟ್ಟುವ ಕೋಲುಜೇನು, ದೊಡ್ಡ ಮರಕ್ಕೆ ಜೋಲುವ ಹೆಜ್ಜೇನು, ಗೋಡೆಯ ಬಿರುಕಿನಲ್ಲಿರುವ ಇರುವೆಯಷ್ಟೇ ಗಾತ್ರದ ಕಪ್ಪು ಮುಜಂಟಿ. ಈ ಕೊನೆಯದಕ್ಕೆ ಕುಟುಕುವ ಮುಳ್ಳಿಲ್ಲ. ಇವಲ್ಲದೆ ಒಂಟಿಯಾಗಿ ಬದುಕುವ ಜೇನುಗಳಿವೆ. ತುಳಸಿ, ಕಾಮಕಸ್ತೂರಿಯ ಮುಂದೆ ಗಾಳಿಯಲ್ಲೇ ನಿಂತಂತೆ ಹಾರುವ ನೀಲಿ ಪಟ್ಟೆಯ ಜೇನು, ಸೆಣಬಿನ ಹೂವನ್ನು ತನ್ನ ಭಾರಕ್ಕೇ ಬಗ್ಗಿಸುವ ದೊಡ್ಡ ಕಪ್ಪು ದುಂಬಿ. ಹೂನೊಣ, ಚಿಟ್ಟೆ, ಸೂರಕ್ಕಿಗಳೂ ಪರಾಗ ಸಾಗಿಸುವವರೇ. ಎಣಿಕೆಯಲ್ಲಿ ಇವರೆಲ್ಲ ಸೇರಿದರೆ 'ಜೇನಿಲ್ಲದ' ಎಷ್ಟೋ ಪಾತಿಗಳಿಗೆ ದೋಷವೇ ಇರುವುದಿಲ್ಲ.

ತುಂಬೆಯ ಮುಂದೆ ಒಮ್ಮೆ ಕೂರಿಸಿ. ಗುಂಡು ಗೊಂಚಲಿನಿಂದ ಹೊರಚಾಚಿದ ಒಂದೊಂದು ಬಿಳಿ ಹೂವಿಗೂ ಕೆಳಗೆ ಅಗಲ ತುಟಿ, ಮೇಲೆ ರೋಮವಿರುವ ಪುಟ್ಟ ಕೊಡೆ. ತುಡುವೆ ಕೆಳತುಟಿಯ ಮೇಲೆ ಕಾಲೂರಿ ತಲೆ ಒಳಗೆ ತೂರಿಸುತ್ತದೆ. ಆಗ ಕೊಡೆಯೊಳಗಿನ ಕೇಸರಗಳು ಅದರ ತಲೆಯ ಮೇಲೆ ಪರಾಗ ಒರೆಸುತ್ತವೆ. ಮುಂದಿನ ಹೂವಿಗೆ ಹೋದಾಗ ಅದೇ ಪರಾಗ ಅಲ್ಲಿ ಅಂಟುತ್ತದೆ. ಪುಸ್ತಕದ ಪರಾಗಸ್ಪರ್ಶದ ಪಾಠ ಮಕ್ಕಳಿಗೆ ಅಲ್ಲಿಯೇ ಅರ್ಥವಾಗುತ್ತದೆ.

ನಿಜವಾಗಿಯೂ ಯಾರೂ ಬರದಿದ್ದರೆ ಹೂವನ್ನು ಪರೀಕ್ಷಿಸಿ. ಎಸಳಿನ ಮೇಲೆ ಎಸಳು ತುಂಬಿ ಚೆಂಡಾದ ಚೆಂಡುಹೂ, ಸುತ್ತುದಾಸವಾಳ ಇಂಥ ತಳಿಗಳಲ್ಲಿ ಕೇಸರಗಳೇ ಎಸಳಾಗಿರುತ್ತವೆ, ಅಥವಾ ಮಕರಂದದ ದಾರಿ ಮುಚ್ಚಿರುತ್ತದೆ. ಒಂದು ಹೂ ಬಿಡಿಸಿ ನಡುವೆ ಬೆರಳಿಟ್ಟು ನೋಡಿ. ಹಳದಿ ಪುಡಿ ಹತ್ತದಿದ್ದರೆ ಜೇನಿಗೂ ಅಲ್ಲಿ ಊಟವಿಲ್ಲ. ಒಂದೆಸಳಿನ ತಳಿ ನೆಡಿ. ಹಾಗೆಯೇ ಹತ್ತು ಬಗೆಯ ಹೂಗಳನ್ನು ಒಂದೊಂದೇ ಗಿಡವಾಗಿ ಚದುರಿಸಿದ್ದರೆ ಒಟ್ಟುಗೂಡಿಸಿ. ಜೇನು ಒಂದು ಸುತ್ತಿನಲ್ಲಿ ಒಂದೇ ಬಗೆಯ ಹೂವಿನ ಬೆನ್ನು ಹತ್ತುತ್ತದೆ. ಮೀಟರ್ ಅಗಲದ ಒಂದು ಹುಚ್ಚೆಳ್ಳಿನ ಮಡಿ ಅದರ ಕಣ್ಣಿಗೆ ಬಿದ್ದಷ್ಟು ಸುಲಭವಾಗಿ ಬಿಡಿ ಗಿಡಗಳು ಬೀಳುವುದಿಲ್ಲ.

ಮುಂದಿನ ಪ್ರಶ್ನೆ ಚೊಕ್ಕಟತನದ್ದು. ಆಗಸ್ಟ್ 15ಕ್ಕೆ ಮುನ್ನ ಶಾಲೆಯ ಅಂಗಳವನ್ನು ಹೆರೆದು ಗುಡಿಸುತ್ತಾರೆ; ತುಂಬೆ ಮೊಗ್ಗು ಹಿಡಿಯುವುದು ಆಗಲೇ. ಅಕ್ಟೋಬರ್ 2ರ ಶ್ರಮದಾನದಲ್ಲಿ ಮತ್ತೊಮ್ಮೆ ಹೆರೆಯುತ್ತಾರೆ. ಅದು ತುಂಬಿ ಹೂಬಿಟ್ಟಿರುವ ಕಾಲ. ಬೀಜ ಕೊಂಡು ಪಾತಿ ಮಾಡಿದ ಶಾಲೆಯೇ ಪಾತಿಯಾಚೆ ತಾನಾಗಿ ಬೆಳೆದ ತುಂಬೆಯನ್ನು ಕಿತ್ತು ರಾಶಿ ಹಾಕುವುದನ್ನು ನೋಡಿದರೆ ಸಂಕಟವಾಗುತ್ತದೆ. ಕಾಂಪೌಂಡಿನ ಬದಿಯಲ್ಲಿ ಎರಡು ಮಾರು ಅಗಲದ ಪಟ್ಟಿಗೆ ಹಗ್ಗ ಕಟ್ಟಿ, 'ಇದು ಜೇನಿನ ಊಟದ ಮನೆ, ಕೀಳಬೇಡಿ' ಎಂದು ಮಕ್ಕಳೇ ಬರೆದ ಫಲಕ ನೆಡಿ. ಮುಖ್ಯೋಪಾಧ್ಯಾಯರಿಗೂ ಶಾಲೆಯ ಅಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿಯ ಸದಸ್ಯರಿಗೂ ಮೊದಲೇ ತಿಳಿಸಿ. ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಒಂದೇ ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ. ಹಾವು ಹುಪ್ಪಟೆಯ ಭಯ ಸಹಜ. ಆದ್ದರಿಂದ ಪಟ್ಟಿ ಬಾಗಿಲು, ಶೌಚಾಲಯ, ಆಟದ ದಾರಿಯಿಂದ ದೂರವಿರಲಿ, ಮಕ್ಕಳು ಅದರೊಳಗೆ ಕಾಲಿಡದೆ ಹೊರಗಿನಿಂದಲೇ ನೋಡಲಿ.

ಗುಡಿಸಿದ ನೆಲಕ್ಕೆ ಸಿಮೆಂಟು ಹಾಕಿದ್ದರೆ ಇನ್ನೊಂದು ನಷ್ಟ. ಒಂಟಿ ಜೇನುಗಳಲ್ಲಿ ಬಹುಪಾಲು ಗೂಡು ಮಾಡುವುದು ಮಣ್ಣಿನಲ್ಲಿ. ಬಿಸಿಲು ಬೀಳುವ ಒಂದು ಮೂಲೆಯನ್ನು ಅಗೆಯದೆ, ಮುಚ್ಚಿಗೆ ಹಾಕದೆ ಬರಿದಾಗಿ ಬಿಡಿ. ಒಣ ಬಿದಿರಿನ ತುಂಡುಗಳನ್ನು ಕಟ್ಟಿ ನೆರಳಿನ ಗೋಡೆಗೆ ತೂಗುಹಾಕಿ.

ಇಷ್ಟೆಲ್ಲ ಸರಿಯಿದ್ದೂ ಬರಿದಾಗಿದ್ದರೆ ಸುತ್ತಲೂ ವಿಚಾರಿಸಿ. ಪಕ್ಕದ ಹೊಲದಲ್ಲಿ ಔಷಧಿ ಹೊಡೆಯುತ್ತಾರೆಯೇ, ಬಡಾವಣೆಯಲ್ಲಿ ಸೊಳ್ಳೆಗೆ ಹೊಗೆ ಬಿಡುತ್ತಾರೆಯೇ? ಹೊಡೆಯಲೇಬೇಕಾದರೆ ಹೂ ಅರಳಿರುವ ಹೊತ್ತು ಬಿಟ್ಟು ಕತ್ತಲಾದ ಮೇಲೆ ಮಾಡಲು ಕೇಳಿಕೊಳ್ಳಿ. ಇದು ಜಗಳಕ್ಕಿಂತ ಮಾತಿನಿಂದ ಆಗುವ ಕೆಲಸ. ಮಕ್ಕಳ ಎಣಿಕೆಯ ಹಾಳೆ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಜೇನು ಕರೆಯಲೆಂದು ಸಕ್ಕರೆ, ಬೆಲ್ಲದ ನೀರು, ಅಂಗಡಿ ಜೇನುತುಪ್ಪ ಇಡಬೇಡಿ. ಇರುವೆ, ಕಣಜ ಬರುತ್ತವೆ. ತುಪ್ಪದಿಂದ ಜೇನಿನ ರೋಗಗಳೂ ಹರಡುತ್ತವೆ. ಬರೀ ನೀರನ್ನು ಬೆಣಚುಕಲ್ಲು ಹಾಕಿದ ತಟ್ಟೆಯಲ್ಲಿಡಿ, ಸೊಳ್ಳೆಯಾಗದಂತೆ ಎರಡು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ.

"ಎಲೆಗಳನ್ನು ಯಾರೋ ಕತ್ತರಿಸಿದ್ದಾರೆ"

ಗುಲಾಬಿ ಅಥವಾ ಹೊಂಗೆಯ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಮಾಡಿದಂಥ ಗುಂಡು ಕಚ್ಚು ಕಂಡರೆ ಸಂತೋಷಪಡಿ. ಅದು ಎಲೆ ಕತ್ತರಿಸುವ ಜೇನು. ಎಲೆಯ ಅಂಚಿನ ಮೇಲೆ ಕುಳಿತು ಕಮಾನಿನಂತೆ ಕತ್ತರಿಸಿ, ತುಂಡನ್ನು ಸುರುಳಿ ಮಾಡಿ ಕಾಲುಗಳ ನಡುವೆ ಹಿಡಿದು ಹಾರುತ್ತದೆ. ಬಿದಿರಿನ ತೂತಿನೊಳಗೆ ಮರಿಗೆ ತೊಟ್ಟಿಲು ಮಾಡುವುದು ಅದರಿಂದಲೇ. ಗಿಡಕ್ಕೆ ಹಾನಿಯಿಲ್ಲ.

ಅಂಕುಡೊಂಕಾಗಿ ತಿಂದಿದ್ದರೆ ಕಂಬಳಿಹುಳು ಹುಡುಕಿ. ನಿಂಬೆ, ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿ, ಬಿಟ್ಟುಬಿಡಿ. ರೋಮವಿರುವ ಹುಳುಗಳನ್ನು ಮುಟ್ಟಬಾರದು, ತುರಿಕೆ ಏಳುತ್ತದೆ. ಬೇವಿನೆಣ್ಣೆ ಕೂಡ ಕೊನೆಯ ಮಾತು. ಸಿಂಪಡಿಸಿದರೂ ಸಂಜೆ, ಎಲೆಗೆ ಮಾತ್ರ, ಹೂವಿಗಲ್ಲ.

"ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ"

ಪಾತಿಯ ಪಕ್ಕ ಕುಂಬಳ ಹಾಕಿದ್ದರೆ ಮೊದಲು ಬಂದ ಹೂಗಳು ಗಂಡು, ಉದುರುವುದು ಸಹಜ. ಹೂವಿನ ಹಿಂದೆ ಪುಟ್ಟ ಕಾಯಿ ಇರುವುದು ಹೆಣ್ಣು. ಬೆಳಿಗ್ಗೆ ಗಂಡು ಹೂವಿನ ಕೇಸರವನ್ನು ಹೆಣ್ಣು ಹೂವಿಗೆ ಮುಟ್ಟಿಸಿ ದಾರ ಕಟ್ಟಿ ಗುರುತಿಡಿ. ಮುಟ್ಟಿಸಿದ್ದು ಕಾಯಾಗಿ, ಮುಟ್ಟಿಸದ್ದು ಹಳದಿಯಾಗಿ ಬಿದ್ದರೆ ನಿಜಕ್ಕೂ ಜೇನಿನ ಕೊರತೆ. ಎರಡೂ ಬಿದ್ದರೆ ನೀರು, ಪೋಷಕಾಂಶಗಳ ಕಡೆ ನೋಡಿ. ಇಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಬಹುದು. ಟೊಮೆಟೊ, ಬದನೆಗೆ ತುಡುವೆ ಬಂದರೂ ಹೆಚ್ಚು ಉಪಯೋಗವಿಲ್ಲ. ಅವುಗಳ ಪರಾಗ ಹೊರಬರಲು ಹೂವನ್ನು ಹಿಡಿದು ಗುಂಯ್‌ಗುಡುತ್ತಾ ನಡುಗಿಸಬೇಕು. ನೀಲಿ ಪಟ್ಟೆಯ ಜೇನು, ಕಪ್ಪು ದುಂಬಿಗೆ ಅದು ಗೊತ್ತು.

"ಪಾತಿಯ ಬಳಿ ಜೇನುಗಳು ಸತ್ತು ಬಿದ್ದಿವೆ"

ಒಂದೆರಡಾದರೆ ಚಿಂತೆಯಿಲ್ಲ, ದುಡಿಯುವ ಜೇನಿನ ಆಯಸ್ಸೇ ಕೆಲವು ವಾರ. ದೀಪದ ಕಂಬದ ಕೆಳಗೆ ಮಾತ್ರ ಬಿದ್ದಿದ್ದರೆ ರಾತ್ರಿ ಬೆಳಕಿಗೆ ಬಂದ ಹೆಜ್ಜೇನುಗಳು. ಆದರೆ ಹೂಗಳ ಸುತ್ತ ಬಹಳಷ್ಟು ಒಮ್ಮೆಗೇ ಬಿದ್ದು, ಕೆಲವು ನಡುಗುತ್ತಾ ತಿರುಗುತ್ತಿದ್ದರೆ ವಿಷ ಎಂದೇ ತಿಳಿದು ಅಲ್ಲಿಗೇ ನಿಲ್ಲಿಸಿ. ಮಕ್ಕಳನ್ನು ಪಾತಿಯಿಂದ ಕಳಿಸಿ, ಸತ್ತ ಜೇನನ್ನು ಬರಿಗೈಯಲ್ಲಿ ಮುಟ್ಟಬೇಡಿ, ಅಂದಿನ ಹೂ, ಸೊಪ್ಪು ಯಾರೂ ಕೀಳಬಾರದು. ಯಾರು ಏನು ಸಿಂಪಡಿಸಿದರು ಎಂದು ಕೇಳಿ ತೋಟಗಾರಿಕೆ ಇಲಾಖೆಗೆ ತಿಳಿಸಿ.

"ಜೇನು ಕುಟುಕಿತು"

ಹೂವಿನ ಮೇಲಿನ ಜೇನು ತಾನಾಗಿ ಮೇಲೆ ಬೀಳುವುದಿಲ್ಲ. ಕೈ ಬೀಸಿದಾಗ, ಬರಿಗಾಲಿಗೆ ಸಿಕ್ಕಾಗ ಕುಟುಕುತ್ತದೆ. ಚಪ್ಪಲಿ ಕಡ್ಡಾಯ. ಮೊದಲೇ ಪೋಷಕರನ್ನು ಕೇಳಿ, ಹಿಂದೆ ಕುಟುಕಿ ಮೈಯೆಲ್ಲ ಊದಿದ ಮಗು ಇದ್ದರೆ ವೈದ್ಯರ ಸಲಹೆಯಿಲ್ಲದೆ ಪಾತಿಗೆ ಕರೆದೊಯ್ಯಬೇಡಿ.

ಕುಟುಕಿದರೆ ಮಗುವನ್ನು ಅಲ್ಲಿಂದ ದೂರ ಕರೆತಂದು ಮುಳ್ಳನ್ನು ಉಗುರಿನಿಂದ ಕೆರೆದು ತಕ್ಷಣ ತೆಗೆಯಿರಿ. ಎಷ್ಟು ಬೇಗ ತೆಗೆದರೆ ಅಷ್ಟು ಕಡಿಮೆ ವಿಷ. ಸೋಪಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಿ. ಸುಣ್ಣ ಹುಡುಕುತ್ತಾ ಹೊತ್ತು ಕಳೆಯಬೇಡಿ. ಮೈಯೆಲ್ಲ ದದ್ದು, ತುಟಿ ಮುಖದ ಊತ, ಉಸಿರಾಟಕ್ಕೆ ತೊಂದರೆ, ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಬಾಯಿ, ಗಂಟಲು, ಕಣ್ಣಿನ ಬಳಿ ಕುಟುಕಿದ್ದರೂ, ಒಂದೇ ಮಗುವಿಗೆ ಹಲವು ಕಡೆ ಕುಟುಕಿದ್ದರೂ ಕಾಯದೆ ಆಸ್ಪತ್ರೆಗೆ ಹೊರಡಿ.

ಶಾಲೆಯ ಮರಕ್ಕೆ, ಮಾಳಿಗೆಗೆ ಹೆಜ್ಜೇನು ಕಟ್ಟಿದ್ದರೆ ಅದು ನೀವು ಸರಿಪಡಿಸುವ ದೋಷವಲ್ಲ. ಕಲ್ಲು, ಹೊಗೆ, ಬೆಂಕಿ, ಪಟಾಕಿ ಯಾವುದೂ ಹತ್ತಿರ ಸುಳಿಯಬಾರದು. ಹೆಜ್ಜೇನು ಋತುವಿಗೆ ತಕ್ಕಂತೆ ವಲಸೆ ಹೋಗುತ್ತದೆ. ತಟ್ಟಿ ಎತ್ತರದಲ್ಲಿದ್ದು ಕೆಳಗೆ ಓಡಾಟವಿಲ್ಲದಿದ್ದರೆ ಬಿಟ್ಟುಬಿಡಬಹುದು. ಓಡಾಟದ ದಾರಿಯಲ್ಲಿದ್ದರೆ ಅನುಭವಿ ಜೇನು ಸಾಕಣೆದಾರರನ್ನೋ ಅಗ್ನಿಶಾಮಕ ದಳವನ್ನೋ ಕರೆಸಿ. ಅವರು ಬರುವವರೆಗೆ ಪ್ರಾರ್ಥನೆ, ಆಟ, ಬಿಸಿಯೂಟ ಎಲ್ಲ ಕಟ್ಟಡದ ಇನ್ನೊಂದು ಬದಿಯಲ್ಲಿ ನಡೆಯಲಿ. ಜೇನು ಎದ್ದರೆ ಮಕ್ಕಳು ಮುಖ ಮುಚ್ಚಿಕೊಂಡು ಹತ್ತಿರದ ಕೋಣೆಗೆ ಓಡಿ ಬಾಗಿಲು, ಕಿಟಕಿ ಹಾಕಿಕೊಳ್ಳಬೇಕು. ಯಾವ ಕೋಣೆಗೆ ಯಾವ ತರಗತಿ ಎಂಬುದನ್ನು ಪಾತಿಗೆ ಬೀಜ ಹಾಕುವ ವಾರವೇ ಒಮ್ಮೆ ಓಡಿಸಿ ರೂಢಿ ಮಾಡಿಸಿ.